‘ಎಲ್ಲವೂ ಮೆಷಿನ್ ಪಾರ್ಟೇ ಸರ್’ ಎಂದ ಬ್ರೋಕರ್ ಮಾತು ನಂಬಿ ನಾನು ಕಟ್ಟಿದ ಹಣ

ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗಳನ್ನು ರಿಪೇರಿ ಮಾಡುವ, ಅವುಗಳ ಬಿಡಿಭಾಗಗಳನ್ನು ತೈವಾನ್‌ನಿಂದ ತರಿಸಿ ಮಾರುವ ಸಣ್ಣ ಘಟಕ ನನ್ನದು. ಹದಿನಾಲ್ಕು ವರ್ಷ ಇದೇ ಕೆಲಸದಲ್ಲಿದ್ದೂ ಅಲೆನ್ ಸ್ಕ್ರೂ ವಿಷಯದಲ್ಲಿ ಬೇಸ್ತು ಬಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಪರವಾಗಿ ಆಮದಿನ ಕಾಗದಪತ್ರ ಸಲ್ಲಿಸುವ ಇದೇ ಕಸ್ಟಮ್ಸ್ ಬ್ರೋಕರ್ ಇದೇ ಮಾತನ್ನು ನಮ್ಮ ರಸ್ತೆಯ ಇನ್ನಿಬ್ಬರಿಗೂ ಹೇಳಿದ್ದಾರೆಂದು ಕಳೆದ ವಾರ ತಿಳಿಯಿತು.

2021ರ ಮಧ್ಯದಲ್ಲಿ ನನ್ನ ಹಳೆಯ ಬ್ರೋಕರ್ ವಯಸ್ಸಾಯಿತೆಂದು ಕೆಲಸ ಬಿಟ್ಟರು. ಅವರು ಪ್ರತಿ ಐಟಂಗೂ ಕ್ಯಾಟಲಾಗ್ ಕೇಳಿ ತಲೆ ತಿನ್ನುತ್ತಿದ್ದವರು. ಹೊಸಬರು ಏನನ್ನೂ ಕೇಳಲಿಲ್ಲ, ಮೇಲಾಗಿ ಒಂದೊಂದು ಬಿಲ್ ಆಫ್ ಎಂಟ್ರಿಗೆ (ಆಮದು ಸರಕಿನ ಘೋಷಣಾ ಪತ್ರ) 1,500 ರೂಪಾಯಿ ಕಡಿಮೆ ಹೇಳಿದರು. ಆ 1,500 ರೂಪಾಯಿಯ ಆಸೆಗೆ ನಾನು ಬಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮೊದಲ ಕನ್ಸೈನ್‌ಮೆಂಟ್‌ನಲ್ಲಿ ಚಕ್‌ಗಳು, ಬಾಲ್ ಸ್ಕ್ರೂಗಳು, ಬೇರಿಂಗ್‌ಗಳು ಮತ್ತು ಚಕ್‌ನ ದವಡೆಗಳನ್ನೂ (ಜಾ) ಕತ್ತರಿಸುವ ಟೂಲ್‌ಗಳನ್ನು ಹೊರುವ ಟರೆಟ್ಟನ್ನೂ ಹಿಡಿದಿಡುವ 12.9 ದರ್ಜೆಯ ಅಲೆನ್ ಸ್ಕ್ರೂಗಳು ಬಂದಿದ್ದವು. ಫೈಲಿಂಗ್‌ಗೆ ಮೊದಲು ರಾತ್ರಿ ಹತ್ತೂವರೆಗೆ ವಾಟ್ಸ್ಆ್ಯಪ್‌ನಲ್ಲಿ ಚೆಕ್‌ಲಿಸ್ಟ್, ಎಂದರೆ ಬಿಲ್‌ನ ಕರಡು, ಬಂತು. ನೋಡಿದರೆ ಎಲ್ಲ ಐಟಂಗಳೂ ಸುಂಕಪಟ್ಟಿಯ 8466 ಎಂಬ ಶೀರ್ಷಿಕೆಯಲ್ಲಿ (ಸರಕಿನ ಕೋಡ್), ‘ಸಿಎನ್‌ಸಿ ಯಂತ್ರದ ಬಿಡಿಭಾಗಗಳು’ ಎಂಬ ಒಂದೇ ವಿವರಣೆಯಲ್ಲಿದ್ದವು. ಹಳೆಯ ಬ್ರೋಕರ್ ಇವನ್ನು ಬೇರೆ ಬೇರೆ ಶೀರ್ಷಿಕೆಗಳಲ್ಲಿ ಹಾಕುತ್ತಿದ್ದ ನೆನಪಿದ್ದರಿಂದ ಫೋನ್ ಮಾಡಿ ಕೇಳಿದೆ. ಬಂದ ಉತ್ತರ ಅಕ್ಷರಶಃ ನೆನಪಿದೆ: “ಸರ್, ಅದು ಲೇತ್‌ಗೆ ತಾನೇ ಹೋಗೋದು? ಎಲ್ಲವೂ ಮೆಷಿನ್ ಪಾರ್ಟೇ ಸರ್. ನಿಮಗ್ಯಾಕೆ ತಲೆಬಿಸಿ? ಒಂದೇ ಕೋಡ್ ಇದ್ರೆ ಕ್ವೆರಿ ಬರಲ್ಲ, ಡೆಮರೇಜ್ ಬೀಳಲ್ಲ.” ಡೆಮರೇಜ್, ಎಂದರೆ ಸರಕು ಬಿಡಿಸಲು ತಡವಾದರೆ ಬೀಳುವ ಶುಲ್ಕ, ಎಂಬ ಶಬ್ದ ಕೇಳಿದರೆ ಆಮದುದಾರನ ಬಾಯಿ ತಾನಾಗಿಯೇ ಮುಚ್ಚುತ್ತದೆ. ನಾನು ‘ಓಕೆ’ ಎಂದು ಟೈಪ್ ಮಾಡಿ ಮಲಗಿದೆ.

ಆ ಬಿಲ್ ಒಂದು ಪ್ರಶ್ನೆಯೂ ಇಲ್ಲದೆ ಪಾಸಾಯಿತು, ಅದರ ನಂತರದ್ದೂ ಪಾಸಾಯಿತು, ಹೀಗೆ ಎರಡು ವರ್ಷದಲ್ಲಿ ಹನ್ನೊಂದು ಬಿಲ್‌ಗಳು ಪಾಸಾದವು. ಸುಂಕಪಟ್ಟಿಯ 84 ಮತ್ತು 85ನೇ ಅಧ್ಯಾಯಗಳ ಸರಕಿಗೆ 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಿಂದಲೇ ಫೇಸ್‌ಲೆಸ್ ಅಸೆಸ್‌ಮೆಂಟ್ (ಅಧಿಕಾರಿಯ ಎದುರು ಹೋಗದೆ ಆನ್‌ಲೈನ್‌ನಲ್ಲೇ ಸುಂಕ ಪರಿಶೀಲನೆ) ಶುರುವಾದದ್ದು ನಮ್ಮವರಿಗೆಲ್ಲ ಗೊತ್ತು. ಎದುರಿಗೆ ಅಧಿಕಾರಿಯೇ ಇಲ್ಲದಿರುವಾಗ, ಕಂಪ್ಯೂಟರ್ ಬಿಟ್ಟಿತೆಂದರೆ ಸರ್ಕಾರವೇ ಒಪ್ಪಿದಂತೆ ಎಂದು ಬ್ರೋಕರ್ ಹೇಳಿದ್ದನ್ನು ನಾನೂ ನಂಬಿದೆ. ಅದು ಶುದ್ಧ ಸುಳ್ಳು. 2011ರಿಂದ ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಸುಂಕವನ್ನು ಲೆಕ್ಕ ಹಾಕಿ ಘೋಷಿಸುವ ಹೊಣೆ ಆಮದುದಾರನದ್ದೇ. ಕಂಪ್ಯೂಟರ್ ಬಿಟ್ಟಿತೆಂದರೆ ಅಂದು ಯಾರೂ ನೋಡಲಿಲ್ಲ ಎಂದಷ್ಟೇ ಅರ್ಥ.

ನೋಡುವವರು ಬಂದದ್ದು ಎರಡು ವರ್ಷದ ಮೇಲೆ, ಆಡಿಟ್ ಹೆಸರಿನಲ್ಲಿ, ನನ್ನದೇ ಶೆಡ್ಡಿಗೆ. ಅಧಿಕಾರಿಗಳು ಸಭ್ಯರೇ, ಕಾಫಿಯನ್ನೂ ಕುಡಿದರು. ಅವರಲ್ಲೊಬ್ಬರು ಸ್ಟೋರ್‌ಗೆ ಹೋಗಿ, ನಮ್ಮ ಹುಡುಗ ಬರೆದಿಡುವ ರಿಜಿಸ್ಟರ್ ತಂದು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಹುಡುಗ ದುಂಡು ಕನ್ನಡದಲ್ಲಿ, ಪುಟದಿಂದ ಪುಟಕ್ಕೆ, ‘ಅಲೆನ್ ಸ್ಕ್ರೂ ಎಂ12, 400 ನಗ’, ‘ಅಲೆನ್ ಸ್ಕ್ರೂ ಎಂ16, 250 ನಗ’ ಎಂದು ಬರೆದಿದ್ದ. ಅವರು ಡಬ್ಬದಿಂದ ಒಂದನ್ನು ತೆಗೆದು, ತಲೆಯ ಮೇಲೆ 12.9 ಎಂದು ಒತ್ತಿದ್ದನ್ನು ಬೆಳಕಿಗೆ ಹಿಡಿದು, “ಇದನ್ನು ನೀವು ಏನೆಂದು ಕರೆಯುತ್ತೀರಿ?” ಎಂದರು. “ಸ್ಕ್ರೂ” ಎಂದೆ. “ಬಿಲ್ ಆಫ್ ಎಂಟ್ರಿಯಲ್ಲಿ ಏನೆಂದು ಕರೆದಿದ್ದೀರಿ?” ಎಂದರು. ನನಗೆ ಉತ್ತರ ಬರಲಿಲ್ಲ. ಹತ್ತನೇ ತರಗತಿ ಓದಿದ ಹುಡುಗ ಸರಿಯಾಗಿ ಬರೆದದ್ದನ್ನು, ಪರವಾನಗಿ ಪಡೆದ ಬ್ರೋಕರ್ ತಪ್ಪಾಗಿ ಬರೆದು, ನಾನು ಓಕೆ ಎಂದಿದ್ದೆ. ಆ ಕ್ಷಣ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ವಿಷಯ ಇಷ್ಟೇ. ಯಂತ್ರಗಳ 84, 85ನೇ ಅಧ್ಯಾಯಗಳು ಸುಂಕಪಟ್ಟಿಯ 16ನೇ ವಿಭಾಗಕ್ಕೆ ಸೇರುತ್ತವೆ, ಮತ್ತು ಆ ವಿಭಾಗದ ಮೊದಲ ಟಿಪ್ಪಣಿಯೇ ‘ಸಾಮಾನ್ಯ ಬಳಕೆಯ ಬಿಡಿಭಾಗ’ಗಳನ್ನು, ಎಂದರೆ ಉಕ್ಕಿನ ಸ್ಕ್ರೂ, ಬೋಲ್ಟ್, ನಟ್, ಸ್ಪ್ರಿಂಗ್ ಮುಂತಾದವನ್ನು, ಯಾವ ಯಂತ್ರಕ್ಕೆ ಹೋದರೂ ಸರಿ, ಹೊರಗಿಡುತ್ತದೆ. ಎರಡನೇ ಟಿಪ್ಪಣಿಯ ಪ್ರಕಾರ ತನ್ನದೇ ಶೀರ್ಷಿಕೆ ಇರುವ ಭಾಗ ಅಲ್ಲಿಗೇ ಹೋಗಬೇಕು: ಬೇರಿಂಗ್ 8482ಕ್ಕೆ, ಬಾಲ್ ಸ್ಕ್ರೂ 8483ಕ್ಕೆ. ಇವೆರಡರಲ್ಲಿ ದರ ಒಂದೇ ಇದ್ದುದರಿಂದ ಬೈಗುಳ ಮಾತ್ರ ಸಿಕ್ಕಿತು. ಸ್ಕ್ರೂ ಹಾಗಲ್ಲ. 2021ರ ಬಜೆಟ್‌ನಲ್ಲಿ ಉಕ್ಕಿನ ಸ್ಕ್ರೂಗಳ ಮೂಲ ಸುಂಕವನ್ನು ಶೇ 10ರಿಂದ 15ಕ್ಕೆ ಏರಿಸಿದ್ದರು, ನಾನು ಕಟ್ಟಿದ್ದು ಶೇ 7.5. ಸಮಾಜ ಕಲ್ಯಾಣ ಸರ್ಚಾರ್ಜ್ ಮತ್ತು ಶೇ 18 ಐಜಿಎಸ್‌ಟಿ ಸೇರಿದರೆ ನಮಗೆಲ್ಲ ಬಾಯಿಪಾಠವಾಗಿರುವ ಒಟ್ಟು ಶೇ 27.735ರ ಬದಲು ಶೇ 37.47 ಆಗುತ್ತದೆ. ಹನ್ನೊಂದು ಬಿಲ್‌ಗಳಲ್ಲಿ ಸ್ಕ್ರೂಗಳ ಮೌಲ್ಯವೇ 40 ಲಕ್ಷ. ಬಾಕಿ 3,89,400 ರೂಪಾಯಿ. ಅದರ ಮೇಲೆ ವರ್ಷಕ್ಕೆ ಶೇ 15ರಂತೆ ಬಡ್ಡಿ.

ಬ್ರೋಕರ್‌ಗೆ ಅಂದೇ ಫೋನ್ ಮಾಡಿದೆ. ಮೊದಲ ಉತ್ತರ: “ಏನೂ ಆಗಲ್ಲ ಸರ್, ಎರಡು ವರ್ಷ ಆದ್ಮೇಲೆ ಕೇಳೋ ಹಾಗಿಲ್ಲ.” ಎರಡು ವರ್ಷದ ಮಿತಿ ಇರುವುದು ಪ್ರಾಮಾಣಿಕ ತಪ್ಪಿಗೆ. ಬೇಕೆಂದೇ ಮಾಡಿದ ತಪ್ಪು ಹೇಳಿಕೆ ಅಥವಾ ಮರೆಮಾಚುವಿಕೆ ಎಂದಾದರೆ ಐದು ವರ್ಷ, ಮತ್ತು 28ನೇ ಕಲಂ ಆ ತಪ್ಪು ಆಮದುದಾರನ ಏಜೆಂಟ್ ಮಾಡಿದ್ದಾದರೂ ಸಾಕು ಎನ್ನುತ್ತದೆ. ಎರಡನೇ ಉತ್ತರ: “ಸುಪ್ರೀಂ ಕೋರ್ಟೇ ಹೇಳಿದೆ ಸರ್, ಯಾವುದಕ್ಕೆ ಬಳಸ್ತೀವೋ ಅದೇ ಕೋಡ್.” ನನ್ನ ವಕೀಲರು ಇದನ್ನು ಕೇಳಿ ನಕ್ಕರು. ಅದು ರೈಲ್ವೆ ಸಿಗ್ನಲ್ ರಿಲೇಗಳ ಬಗ್ಗೆ 2021ರಲ್ಲಿ ಬಂದ ತೀರ್ಪು, ವಾಹನಗಳ 17ನೇ ವಿಭಾಗದ ಟಿಪ್ಪಣಿಗಳನ್ನು ಕುರಿತದ್ದು. ನನ್ನ ಸ್ಕ್ರೂಗೂ ಅದಕ್ಕೂ ಸಂಬಂಧವಿಲ್ಲ. ಮೂರನೆಯದನ್ನು ಕೇಳಿದಾಗ ನನ್ನ ಕೈ ನಡುಗಿತು. “ಚೆಕ್‌ಲಿಸ್ಟ್‌ಗೆ ನೀವೇ ಓಕೆ ಹಾಕಿದ್ದೀರಲ್ಲ ಸರ್” ಎಂದು ಹೇಳಿ, ಹನ್ನೊಂದು ಓಕೆಗಳ ಹನ್ನೊಂದು ಸ್ಕ್ರೀನ್‌ಶಾಟ್‌ಗಳನ್ನು ಒಂದರ ಹಿಂದೊಂದು ಕಳಿಸಿದರು. ಒಂದೊಂದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದರು! ನನ್ನ ತಲೆಬಿಸಿ ತಪ್ಪಿಸುವುದಕ್ಕೆಂದು ನಾನು ತಿಳಿದಿದ್ದ ಆ ಚೆಕ್‌ಲಿಸ್ಟ್ ಅವರ ತಲೆ ಉಳಿಸಿಕೊಳ್ಳುವುದಕ್ಕಿತ್ತು.

ಕೊನೆಗೆ ಶೋಕಾಸ್ ನೋಟಿಸ್ ಬಂತು. ವಾದಕ್ಕಿಳಿದು ಸೋತರೆ ಸುಂಕದಷ್ಟೇ ದಂಡ. ಮೂವತ್ತು ದಿನದೊಳಗೆ ಸುಂಕ, ಬಡ್ಡಿ ಮತ್ತು ಶೇ 15 ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆ ಎಂದು ವಕೀಲರು ಹೇಳಿದ್ದರಿಂದ ಹಾಗೆಯೇ ಮಾಡಿದೆ. ದಂಡ 58,410, ಬಡ್ಡಿ ಒಂದು ಲಕ್ಷ ದಾಟಿತು. ಐಜಿಎಸ್‌ಟಿ ಹೇಗೂ ಕ್ರೆಡಿಟ್ ಸಿಗುತ್ತದಲ್ಲ ಎಂದು ಸಮಾಧಾನ ಹೇಳಿದವರಿಗೆ ಒಂದು ಮಾತು: ಮೂಲ ಸುಂಕ ಮತ್ತು ಸರ್ಚಾರ್ಜ್‌ನ 3,30,000 ರೂಪಾಯಿ ಎಲ್ಲಿಂದಲೂ ವಾಪಸ್ ಬರುವುದಿಲ್ಲ, ಮತ್ತು ಎರಡು ವರ್ಷದ ಹಿಂದೆ ಹಳೆಯ ರೇಟಿಗೆ ಸ್ಕ್ರೂ ಕೊಂಡ ಗಿರಾಕಿಯ ಬಳಿ ಈಗ ಹೋಗಿ ಇನ್ನಷ್ಟು ಕೊಡಿ ಎನ್ನಲು ಯಾರಿಗೂ ಮುಖವಿರುವುದಿಲ್ಲ.

ನನ್ನಿಂದ ಆಗುವ ಸಲಹೆ ಇಷ್ಟೇ. ನಿಮ್ಮ ಪ್ಯಾಕಿಂಗ್ ಲಿಸ್ಟ್‌ನಲ್ಲಿ ಹತ್ತು ಬಗೆಯ ಸಾಮಾನಿದ್ದು ಚೆಕ್‌ಲಿಸ್ಟ್‌ನಲ್ಲಿ ಒಂದೇ ಕೋಡ್ ಇದ್ದರೆ ಓಕೆ ಹಾಕಬೇಡಿ. ಶೀರ್ಷಿಕೆಗಿಂತ ಮೊದಲು ವಿಭಾಗದ ಟಿಪ್ಪಣಿ ಓದಿ, ಎರಡೇ ಪುಟ. ನಿಜವಾಗಿಯೂ ಗೊಂದಲವಿದ್ದರೆ 10,000 ರೂಪಾಯಿ ಶುಲ್ಕ ಕಟ್ಟಿ ದೆಹಲಿ ಅಥವಾ ಮುಂಬೈಯ ಅಡ್ವಾನ್ಸ್ ರೂಲಿಂಗ್ (ಮುಂಗಡ ತೀರ್ಮಾನ) ಪ್ರಾಧಿಕಾರವನ್ನು ಕೇಳಬಹುದು. ನಾನು ಕಟ್ಟಿದ್ದಕ್ಕೆ ಹೋಲಿಸಿದರೆ ಅದು ಕಾಫಿ ದುಡ್ಡು. ಗಿರಾಕಿಗೆ ಸರಿಯಾದ ಸಲಹೆ ಕೊಡಬೇಕೆಂದು 2018ರ ಬ್ರೋಕರ್ ಪರವಾನಗಿ ನಿಯಮಗಳೇ ಹೇಳುತ್ತವೆ ಎಂದು ತಿಳಿದ ಮೇಲೆ ನಾನು ಆ ಬ್ರೋಕರ್ ವಿರುದ್ಧ ಲಿಖಿತ ದೂರು ಕೊಟ್ಟಿದ್ದೇನೆ.

ದೂರು ಕೊಟ್ಟ ನಾಲ್ಕನೇ ದಿನ ಅವರಿಂದ ಒಂದು ಬಿಲ್ ಬಂತು: ಆಡಿಟ್ ದಿನ ಅವರ ಹುಡುಗ ನಮ್ಮ ಶೆಡ್ಡಿಗೆ ಬಂದು ಅರ್ಧ ಗಂಟೆ ಕೂತದ್ದಕ್ಕೆ ‘ಹಾಜರಾತಿ ಶುಲ್ಕ’ 6,000 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಕೊಟ್ಟಿಲ್ಲ, ಕೊಡುವುದೂ ಇಲ್ಲ.