ಎಡ ಬಾಗಿಲಿಗೆ ಎರಡು ಬಕೆಟ್, ಬಲ ಬಾಗಿಲಿಗೆ ಅರ್ಧ ಬಕೆಟ್

ನನ್ನ ಕಾರು ಕಪ್ಪು. ತಗೊಳ್ಳುವಾಗಲೇ ಭಾವ ಹೇಳಿದ್ದರು, "ಬಿಳೀದು ತಗೋ, ಕಪ್ಪು ಕಾರು ಶೋರೂಮಲ್ಲಿ ಇರೋವರೆಗೆ ಮಾತ್ರ ಚೆಂದ" ಅಂತ. ಕೇಳಲಿಲ್ಲ. ಎರಡು ವರ್ಷ ಆದಮೇಲೆ ಒಂದು ರಾತ್ರಿ ಬೀದಿ ದೀಪದ ಕೆಳಗೆ ನಿಲ್ಲಿಸಿದಾಗ ನೋಡಿದೆ, ಬಾನೆಟ್ ತುಂಬಾ ಜೇಡರ ಬಲೆ ಹಾಗೆ ಸುತ್ತು ಸುತ್ತು ಗೀರು. ಯಾರೂ ಮೊಳೆ ಹಿಡಿದು ಗೀಚಿರಲಿಲ್ಲ. ನಾನೇ ಮಾಡಿದ್ದು, ಪ್ರತಿ ಭಾನುವಾರ, ಹಳೇ ಬನಿಯನ್ ಹಿಡಿದುಕೊಂಡು, ಬಹಳ ಪ್ರೀತಿಯಿಂದ.

ಪಾಲಿಶ್ ಮಾಡಿಸಿದೆ, ಹೋಯಿತು. ಆದರೆ ಪಾಲಿಶ್ ಅಂದರೆ ಗೀರು ತುಂಬುವುದಲ್ಲ, ಗೀರು ಎಷ್ಟು ಆಳ ಇದೆಯೋ ಅಷ್ಟಕ್ಕೆ ಸುತ್ತಲಿನ ಪದರವನ್ನೇ ಸವೆಸುವುದು. ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್, ತಲೆಕೂದಲಿಗಿಂತ ತೆಳು. ವರ್ಷವರ್ಷ ಸವೆಸುತ್ತಾ ಕೂತರೆ ಉಳಿಯುವುದೇನು? ಹಾಗಾಗಿ ಈ ಸಲ ಆರು ತಿಂಗಳು ಕಾರನ್ನೇ ಹಂಚಿಕೊಂಡು ತೊಳೆದೆ. ಡಿಕ್ಕಿಗೆ ಹಳೇ ಪದ್ಧತಿ, ಬಾನೆಟ್ ಮತ್ತು ಮುಂದಿನ ಬಂಪರ್‌ಗೆ ಪ್ರೆಶರ್ ವಾಷರ್, ಎಡಗಡೆಗೆ ಎರಡು ಬಕೆಟ್, ಬಲಗಡೆಗೆ ರಿನ್ಸ್‌ಲೆಸ್, ಅಂದರೆ ಕೊನೆಗೆ ನೀರು ಹಾಕಿ ತೊಳೆಯದೆ ಒದ್ದೆ ಬಟ್ಟೆಯಲ್ಲೇ ಒರೆಸುವುದು. ನೋಡಿದವರು ನಕ್ಕರು, ನಗಲಿ.

ಡಿಕ್ಕಿ ಕತೆ ಬೇಗ ಮುಗಿಯಿತು. ಒಂದು ಬಕೆಟ್, ಪಾತ್ರೆ ತೊಳೆಯುವ ಲಿಕ್ವಿಡ್, ಬನಿಯನ್. ಎರಡೇ ತಿಂಗಳಿಗೆ ಮೊಬೈಲ್ ಟಾರ್ಚ್ ಬಿಟ್ಟರೆ ಬಲೆ ಕಾಣಿಸತೊಡಗಿತು. ಗೀರು ಹಾಕುವುದು ಆ ಲಿಕ್ವಿಡ್ ಅಲ್ಲ, ಅದು ವ್ಯಾಕ್ಸ್ ತೆಗೆದುಹಾಕುತ್ತದೆ ಅಷ್ಟೆ. ಗೀರು ಹಾಕುವುದು ಮಣ್ಣು. ಬನಿಯನ್ ಬಟ್ಟೆ ಚಪ್ಪಟೆ, ಮರಳಿನ ಕಣ ಒಳಗೆ ಹೋಗಲು ಜಾಗವೇ ಇಲ್ಲ, ಬಟ್ಟೆಗೂ ಬಣ್ಣಕ್ಕೂ ಮಧ್ಯೆ ಸಿಕ್ಕಿಕೊಂಡು ಉಜ್ಜುತ್ತದೆ. ಮೇಲಿಂದ ಅದೇ ಬಕೆಟ್‌ಗೆ ಅದ್ದಿ ಅದೇ ಮರಳನ್ನು ಮತ್ತೆ ಎತ್ತಿಕೊಂಡು ಬರುತ್ತೇವೆ.

ಪ್ರೆಶರ್ ವಾಷರ್ ಮಜಾ ಕೊಡುತ್ತದೆ, ಸುಳ್ಳು ಹೇಳಲ್ಲ. ನೊರೆ ಹೊಡೆದು ಐದು ನಿಮಿಷ ಬಿಟ್ಟರೆ ಕೆಂಪು ನೀರು ತಾನೇ ಇಳಿಯುತ್ತದೆ. ಆದರೆ ತೊಳೆದು ಒಣಗಿದ ಬಾನೆಟ್ ಮೇಲೆ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಎಳೆದರೆ ಬಟ್ಟೆ ಬೂದು ಬಣ್ಣ. ಹೊಗೆ, ಎಣ್ಣೆಯ ತೆಳು ಪೊರೆ ಬರೀ ನೀರಿನ ಹೊಡೆತಕ್ಕೆ ಹೋಗುವುದಿಲ್ಲ, ಕೈ ಹಾಕಲೇಬೇಕು. ಇನ್ನೊಂದು, ನಾಝಲ್ ಹತ್ತಿರ ಹಿಡಿದು ನಾನೇ ಬಂಪರ್‌ನಲ್ಲಿ ಉಗುರಗಲ ಪೇಂಟ್ ಎಬ್ಬಿಸಿದೆ, ಹಿಂದೆ ಟಚಪ್ ಮಾಡಿಸಿದ್ದ ಜಾಗ. ಅಗಲವಾಗಿ ಹರಡುವ ನಾಝಲ್ ಹಾಕಿ ಎರಡು ಅಡಿ ದೂರ ನಿಂತರೆ ತೊಂದರೆ ಇಲ್ಲ. ಈಗ ಅದನ್ನು ಚಕ್ರದ ಗೂಡಿಗೆ, ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹೋಗಿ ಬಂದಾಗ ಅಡಿಯ ಕೆಸರಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಎಡಗಡೆ, ಅಂದರೆ ಎರಡು ಬಕೆಟ್. ಮೊದಲು ಮಗ್‌ನಲ್ಲಿ ನೀರು ಸುರಿದು ಮಣ್ಣು ನೆನೆಸಬೇಕು, ಮುಟ್ಟಬಾರದು. ಒಂದು ಬಕೆಟ್‌ನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಕೈಗೆ ಉದ್ದ ಎಳೆಗಳ ಮೈಕ್ರೋಫೈಬರ್ ಗ್ಲೌಸ್. ಒಂದು ಪ್ಯಾನೆಲ್ ಒರೆಸಿ, ಬರೀ ನೀರಿನಲ್ಲಿ ಜಾಲಿಸಿ, ಆಮೇಲೆ ಶಾಂಪೂಗೆ ಅದ್ದುವುದು. ಮೇಲಿಂದ ಕೆಳಕ್ಕೆ, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಮುಗಿದಮೇಲೆ ಜಾಲಿಸಿದ ಬಕೆಟ್‌ನ ನೀರು ಚೆಲ್ಲಿ ತಳಕ್ಕೆ ಬೆರಳು ಹಾಕಿ ನೋಡಿ. ರವೆ ಥರ ಸಿಗುತ್ತದೆ. ಇಷ್ಟು ದಿನ ಅದು ಎಲ್ಲಿಗೆ ಹೋಗುತ್ತಿತ್ತು ಅಂತ ಆವಾಗ ಅರ್ಥವಾಗುತ್ತದೆ. ಆರು ತಿಂಗಳಾದರೂ ಎಡ ಬಾಗಿಲಲ್ಲಿ ನನ್ನ ಕಣ್ಣಿಗೆ ಹೊಸ ಗೀರು ಬಿದ್ದಿಲ್ಲ.

ರಿನ್ಸ್‌ಲೆಸ್ ಬಗ್ಗೆ ನನಗೆ ನಂಬಿಕೆಯೇ ಇರಲಿಲ್ಲ. ಎಂಟು ಲೀಟರ್ ನೀರಿಗೆ ಒಂದು ಮುಚ್ಚಳ ಲಿಕ್ವಿಡ್, ಆರು ಮೈಕ್ರೋಫೈಬರ್ ಬಟ್ಟೆ, ಆಮೇಲೆ ನೀರು ಹಾಕಿ ತೊಳೆಯುವುದೇ ಬೇಡ ಅಂದರೆ ಯಾರು ನಂಬುತ್ತಾರೆ? ಮೊದಲು ಅದೇ ನೀರನ್ನು ಸ್ಪ್ರೇ ಮಾಡಿ ಒಂದೆರಡು ನಿಮಿಷ ಬಿಟ್ಟು, ನಾಲ್ಕು ಮಡಿಕೆ ಮಾಡಿದ ಬಟ್ಟೆಯನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆಯಬೇಕು, ಮಡಿಕೆ ತಿರುಗಿಸಬೇಕು, ಕೊಳೆಯಾದ ಮುಖವನ್ನು ವಾಪಸ್ ಬಾಗಿಲಿಗೆ ತರಬಾರದು. ಬರೀ ಧೂಳಿದ್ದ ವಾರಗಳಲ್ಲಿ ಬಲಗಡೆಗೂ ಎಡಗಡೆಗೂ ವ್ಯತ್ಯಾಸ ಹೇಳಲು ಆಗಲಿಲ್ಲ, ಇಪ್ಪತ್ತು ನಿಮಿಷದ ಕೆಲಸ. ಆದರೆ ಒಮ್ಮೆ ಮಳೆಯಲ್ಲಿ ಓಡಿಸಿ ಬಂದು, ಸೋಮಾರಿತನಕ್ಕೆ ಇದರಲ್ಲೇ ಒರೆಸೋಣ ಅಂತ ಹೋದೆ. ಬಾಗಿಲ ಕೆಳಗೆ ಬಟ್ಟೆ ಎಳೆದಾಗ ಸಣ್ಣಗೆ "ಕರ್" ಅಂತ ಸದ್ದು. ಅಲ್ಲೇ ನಿಲ್ಲಿಸಿದೆ, ಆದರೂ ಆ ಗೆರೆ ಇವತ್ತಿಗೂ ಇದೆ.

ನೀರಿನ ಮಾತೂ ಬರಬೇಕಲ್ವಾ, ಇದು ಬೆಂಗಳೂರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ನಮ್ಮ ಪೈಪಿನಲ್ಲಿ 15 ಲೀಟರ್ ಬಕೆಟ್ ತುಂಬಲು 50 ಸೆಕೆಂಡ್ ಸಾಕು, ಹತ್ತು ನಿಮಿಷ ಸುಮ್ನೆ ಬಿಟ್ಟರೆ 180 ಲೀಟರ್. ಎರಡು ಬಕೆಟ್ ಪದ್ಧತಿಯಲ್ಲಿ ಇಡೀ ಕಾರಿಗೆ ಮಗ್ ಸೇರಿ 60 ಆಗುತ್ತದೆ. ಬೋರ್ ನೀರಾದರೆ ಬಿಸಿಲಲ್ಲಿ ತೊಳೆಯಲೇಬೇಡಿ, ಗಡಸು ನೀರು ಆರಿದ ಕಡೆಯೆಲ್ಲ ಬಿಳಿ ಚುಕ್ಕೆ ಕೂರುತ್ತದೆ. ನಾನು ತಾರಸಿಯಿಂದ ಇಳಿಯುವ ಮಳೆ ನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ, ಕಡೆಯ ನೀರು ಅದರದ್ದೇ, ಚುಕ್ಕೆಯ ಕಾಟ ಇಲ್ಲ. ಒರೆಸುವಾಗಲೂ ಉಜ್ಜಲ್ಲ, ದಪ್ಪ ಟವೆಲ್ ಹಾಸಿ ಮೆಲ್ಲಗೆ ಎಳೆಯುತ್ತೇನೆ.

ಈಗ ನನ್ನ ಲೆಕ್ಕ: ಧೂಳಿಗೆ ರಿನ್ಸ್‌ಲೆಸ್, ಮಣ್ಣು ಕಂಡರೆ ಎರಡು ಬಕೆಟ್. ಒಂದನ್ನೇ ಆರಿಸು ಅಂದರೆ ಎರಡು ಬಕೆಟ್, ಅದು ತಪ್ಪನ್ನು ಜಾಸ್ತಿ ಕ್ಷಮಿಸುತ್ತದೆ.

ಮೊನ್ನೆ ಭಾವ ಬಂದಿದ್ದರು. ಅವರ ಅಪಾರ್ಟ್‌ಮೆಂಟಲ್ಲಿ ಕಾರು ಒರೆಸುವ ಹುಡುಗನಿಗೆ ಹತ್ತು ಕಾರಿಗೆ ಸಿಗುವುದು ಒಂದೇ ಬಕೆಟ್ ನೀರು, ಪಾಪ ಅವನೇನು ಮಾಡುತ್ತಾನೆ. ಅವರ ಬಿಳಿ ಕಾರಿನ ಬಾನೆಟ್‌ಗೆ ಓರೆಯಾಗಿ ಟಾರ್ಚ್ ಬಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. "ಟಾರ್ಚ್ ಆರಿಸೋ" ಅಂದರು.