ಡಬ್ಬಿ ಮೇಲಿನ ನಂಬರ್ ನೋಡಿ ಕ್ಲಾರಿನೆಟ್ ರೀಡ್ ತಗೋಬೇಡಿ

ಮದುವೆ ಸೀಸನ್ ಶುರುವಾಗೋ ಮುಂಚೆ ಇದನ್ನ ಬರೀಲೇಬೇಕು ಅಂತ ಕೂತಿದ್ದೀನಿ. ಕ್ಲಾರಿನೆಟ್ ನುಡಿಸೋರು, ಮಕ್ಕಳನ್ನ ಕ್ಲಾಸಿಗೆ ಸೇರಿಸಿರೋ ಅಪ್ಪ-ಅಮ್ಮಂದಿರು ದಯವಿಟ್ಟು ಓದಿ. ರೀಡ್ ಅಂದ್ರೆ ಮೌತ್‌ಪೀಸಿಗೆ (ಬಾಯಲ್ಲಿಟ್ಟು ಊದೋ ಭಾಗ) ಕಟ್ಟೋ ತೆಳು ಜೊಂಡಿನ ಪಟ್ಟಿ, ಅದು ನಡುಗಿದ್ರೇನೇ ನಾದ. ಅದರ ವಿಷಯದಲ್ಲಿ ನಾನು ಮಾಡಿಕೊಂಡ ತಪ್ಪಿಗೆ ತುಂಬಿದ ಮದುವೆಮನೇಲಿ ತಲೆ ತಗ್ಗಿಸಿದ್ದಾಯ್ತು, ಮೂರು ವಾರ ತುಟಿ ಹುಣ್ಣಾಗಿ ಮನೇಲಿ ಕೂತದ್ದೂ ಆಯ್ತು.

ಮಂಡ್ಯ ಕಡೆ ನಮ್ಮದೊಂದು ಸೆಟ್ ಇದೆ. ಡೋಲು ನಮ್ಮ ಸೋದರಮಾವಂದು, ಸ್ಯಾಕ್ಸೋಫೋನ್ ನನ್ನ ತಮ್ಮಂದು, ಕ್ಲಾರಿನೆಟ್ ನಂದು. ಹದಿನಾಲ್ಕು ವರ್ಷದಿಂದ ಯಮಾಹಾ ಕ್ಲಾರಿನೆಟ್ಟಿಗೆ ಅದರ ಜೊತೆ ಬಂದ 4ಸಿ ಮೌತ್‌ಪೀಸನ್ನೇ ಹಾಕಿ ನುಡಿಸ್ತಿದ್ದೆ. ರೀಡು ಕಿತ್ತಳೆ ಡಬ್ಬಿಯ ರಿಕೊ ಕಂಪನಿದು, ಎರಡೂವರೆ ನಂಬರ್. ಹೋದ ವರ್ಷ ಕಾರ್ತಿಕದಲ್ಲಿ ಕೈಯಲ್ಲಿ ಸ್ವಲ್ಪ ದುಡ್ಡಿತ್ತು, ನಾದ ಇನ್ನೂ ತುಂಬಿ ಬರಲಿ ಅನ್ನೋ ಆಸೆಗೆ ವ್ಯಾಂಡೊರೆನ್ ಬಿ45 ಮೌತ್‌ಪೀಸ್ ತಗೊಂಡೆ. ಅಂಗಡಿಯವರು, "ಇಷ್ಟು ವರ್ಷ ಆಯ್ತು, ಇನ್ನೂ ಎರಡೂವರೆ ಊದ್ತೀರಾ ಸಾರ್? ದೊಡ್ಡೋರೆಲ್ಲ ವಿ-12, ಮೂರೂವರೆ ಊದ್ತಾರೆ" ಅಂದ್ರು. ಆ ಮಾತು ನಾಟಿಬಿಡ್ತು. ವಿ-12 ಅನ್ನೋದೂ ವ್ಯಾಂಡೊರೆನ್ ಕಂಪನಿಯದೇ ಒಂದು ರೀಡು. ಹತ್ತು ರೀಡಿನ ಡಬ್ಬಿ ಅದು, ಊದಿ ನೋಡದೇನೇ ಹಣ ಕೊಟ್ಟು ಬಂದೆ.

ಎರಡು ದಿನ ಮನೇಲಿ ಊದಿದೆ. ಗಾಳಿ ಜಾಸ್ತಿ, ನಾದ ಕಮ್ಮಿ. ಹೊಸ ರೀಡು, ಪಳಗುತ್ತೆ ಅಂದ್ಕೊಂಡೆ. ಮೂರನೇ ದಿನ ಮುಹೂರ್ತ. ಧಾರೆಗೆ ಮುಂಚೆ ಮೋಹನ ರಾಗ ಹಿಡಿದೆ. ಮಂದ್ರದಲ್ಲಿ ಹೇಗೋ ನಡೀತು. ತಾರದ ಗಾಂಧಾರಕ್ಕೆ ಏರಿದಾಗ ಕೀಚ್ ಅಂತ ಕಿರುಚಿತು. ಮತ್ತೆ ಹಿಡಿದೆ, ಮತ್ತೆ ಕಿರುಚಿತು. ಮಾವ ಡೋಲು ಬಾರಿಸ್ತಾನೇ ಬಗ್ಗಿ, "ಯಾಕಳಿಯ, ಹುಷಾರಿಲ್ವೇನೋ?" ಅಂತ ಕೇಳಿದ್ರು. ತುಟಿ ಒಳಗೆ ಉಪ್ಪುಪ್ಪು ರುಚಿ. ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿ ರಕ್ತ ಬರ್ತಿತ್ತು. ಪುರೋಹಿತರು ಗಟ್ಟಿಮೇಳ ಅಂದಾಗ ನನ್ನಲ್ಲಿ ಉಸಿರೇ ಉಳಿದಿರಲಿಲ್ಲ, ತಮ್ಮ ಒಬ್ಬನೇ ಎಳೆದ. ಆ ಹುಡುಗಿಯ ತಂದೆ ಏನೂ ಅನ್ನಲಿಲ್ಲ, ಮಾತಾಡಿದಷ್ಟು ದುಡ್ಡೂ ಕೊಟ್ರು. ಆದರೆ ಅವರ ಮಗಳ ಧಾರೆ ಹೊತ್ತಿಗೆ ನನ್ನ ವಾದ್ಯ ನುಡೀಲಿಲ್ಲ ಅನ್ನೋದು ಈಗಲೂ ಚುಚ್ಚುತ್ತೆ.

ತಪ್ಪು ರೀಡಿಂದಲ್ಲ. ವಿ-12 ಒಳ್ಳೇ ರೀಡೇ. ಆ ನಂಬರು ಆ ಮೌತ್‌ಪೀಸಿಗೆ, ನನ್ನ ತುಟಿಗೆ ಆಗೋದಲ್ಲ, ಅಷ್ಟೇ. ನಂಬರ್ ಹೇಳೋದು ರೀಡು ಎಷ್ಟು ಬಿಗಿ ಅನ್ನೋದನ್ನ. ನುಡಿಸೋನು ಎಷ್ಟು ದೊಡ್ಡವನು ಅನ್ನೋದನ್ನಲ್ಲ. ಅದೂ ಒಂದು ಕಂಪನಿ ಲೆಕ್ಕ ಇನ್ನೊಂದಕ್ಕೆ ಕೂಡಲ್ಲ. ಕಿತ್ತಳೆ ಡಬ್ಬಿ ರಿಕೊ ಮೂರು ಊದೋರಿಗೆ ವ್ಯಾಂಡೊರೆನ್‌ನ ನೀಲಿ ಡಬ್ಬಿಯಲ್ಲಿ ಎರಡೂವರೆಯೇ ಹೆಚ್ಚುಕಡಿಮೆ ಅಷ್ಟು ಬಿಗಿ ಇರುತ್ತೆ. ಅಂದ್ರೆ ಕಂಪನಿ ಬದಲಾಯಿಸಿದಾಗ ನಾನು ಕೆಳಗಿಳೀಬೇಕಿತ್ತು, ಒಂದು ಪೂರ್ತಿ ನಂಬರ್ ಮೇಲೆ ಹತ್ತಿದೆ.

ಕೆತ್ತನೆಯಲ್ಲೂ ವ್ಯತ್ಯಾಸ ಇದೆ. ನೀಲಿ ಡಬ್ಬಿಯ ಮಾಮೂಲಿ ರೀಡಿನ ಬುಡ 2.8 ಮಿಲಿಮೀಟರ್ ದಪ್ಪ, ತುದಿ 0.09. ವಿ-12 ಬುಡ 3.15, ತುದಿ 0.10. ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸುತ್ತೆ, ಆದರೆ ತುಟಿಗೆ ಅದು ಚೆನ್ನಾಗಿ ಗೊತ್ತಾಗುತ್ತೆ. ರಿಕೊ ಕಿತ್ತಳೆ ಡಬ್ಬಿಯಲ್ಲಿ ತೊಗಟೆ ಮುಗಿಯೋ ಕಡೆ ಕಮಾನಿನ ಹಾಗೆ ಹಾಗೇ ಬಿಟ್ಟಿರ್ತಾರೆ. ಬೇರೆ ಕೆಲವದರಲ್ಲಿ ಅಲ್ಲಿ ಇನ್ನೊಂದಿಷ್ಟು ತೊಗಟೆ ಅಡ್ಡಕ್ಕೆ ನೇರವಾಗಿ ಉಜ್ಜಿ ತೆಗೆದಿರ್ತಾರೆ, ಅದು ಬೇಗ ನುಡಿಯುತ್ತೆ.

ಇದೆಲ್ಲಕ್ಕಿಂತ ದೊಡ್ಡದು ಮೌತ್‌ಪೀಸಿನ ಬಾಯಿ. ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವೆ ನನ್ನ ಹಳೇ 4ಸಿಯಲ್ಲಿ ಇದ್ದ ಸಂದು ಸುಮಾರು 1.05 ಮಿಲಿಮೀಟರ್. ಬಿ45ರಲ್ಲಿ ಹತ್ತಿರ ಹತ್ತಿರ 1.2. ಸಂದು ಜಾಸ್ತಿ ಇದ್ರೆ ರೀಡು ಅಷ್ಟು ದೂರ ಬಾಗಬೇಕು, ಅದಕ್ಕೆ ಮೆತ್ತಗಿರಬೇಕು. ನಾನು ಸಂದನ್ನೂ ಹೆಚ್ಚಿಸಿದೆ, ಬಿಗೀನೂ ಹೆಚ್ಚಿಸಿದೆ. ನಮ್ಮ ಸಂಗೀತಕ್ಕಂತೂ ಜಾರು ಬೇಕು, ಗಮಕ ಬೇಕು, ಸ್ವರವನ್ನ ತುಟಿಯಿಂದಲೇ ಎಳೀಬೇಕು. ಮರದ ಹಲಗೆ ಥರ ನಿಂತ ರೀಡಿನಲ್ಲಿ ಅದು ಆಗೋ ಮಾತಲ್ಲ. ನೋಟ್ಸ್ ಇಟ್ಕೊಂಡು ಪಾಶ್ಚಾತ್ಯ ಸಂಗೀತ ನುಡಿಸೋರಿಗೆ ಒಪ್ಪೋ ರೀಡೇ ನಮಗೂ ಒಪ್ಪಬೇಕು ಅಂತಿಲ್ಲ.

ಇಷ್ಟಕ್ಕೇ ನಿಂತಿದ್ರೆ ಚೆನ್ನಾಗಿತ್ತು. ಮುಂದೆ ಒಪ್ಪಿಕೊಂಡಿದ್ದ ಕಾರ್ಯಕ್ರಮ ಹತ್ತಿರ ಬಂತು ಅಂತ ಗಾಬರಿಯಲ್ಲಿ ಆನ್‌ಲೈನಲ್ಲಿ ಹೆಸರುವಾಸಿ ಕಂಪನಿಯ ಎರಡೂವರೆ ಹುಡುಕಿದೆ. ಒಂದು ಕಡೆ ಅರ್ಧ ಬೆಲೆಗೂ ಕಮ್ಮಿ ಇತ್ತು. ತರಿಸಿದೆ. ಡಬ್ಬಿ ನೋಡಿದ್ರೆ ಅಸಲೀನೇ. ಆದರೆ ಆ ಕಂಪನಿಯ ರೀಡು ಒಂದೊಂದೂ ಸೀಲ್ ಆದ ಕವರಿನೊಳಗೆ ಇರುತ್ತೆ, ಇದರಲ್ಲಿ ಹತ್ತೂ ಬಿಡಿಬಿಡಿಯಾಗಿ ಬಿದ್ದಿದ್ವು. ತೊಗಟೆ ಮಾಸಲು ಹಸಿರು. ರೀಡು ಮಾಡೋದು ಅರುಂಡೊ ಡೊನಾಕ್ಸ್ ಅನ್ನೋ ಜೊಂಡಿಂದ, ಫ್ರಾನ್ಸಿನ ದಕ್ಷಿಣದ ವಾರ್ ಸೀಮೇಲಿ ಬೆಳೆದದ್ದಕ್ಕೆ ಹೆಸರು. ಚೆನ್ನಾಗಿ ಬಲಿತು ಒಣಗಿದ್ರೆ ಹೊನ್ನಿನ ಬಣ್ಣ ಬರುತ್ತೆ, ಅಲ್ಲಲ್ಲಿ ಕಂದು ಚುಕ್ಕೆ ಇರುತ್ತೆ. ಹಸಿರಿದ್ರೆ ಬಲಿಯೋ ಮುಂಚೆ ಕಡಿದದ್ದು. ಒಂದನ್ನ ಚಪ್ಪಟೆ ಬೆನ್ನು ಕೆಳಗೆ ಬರೋ ಹಾಗೆ ಗಾಜಿನ ಮೇಲಿಟ್ಟೆ, ಸರಿಯಾಗಿ ಕೂರದೆ ಅಲುಗಾಡ್ತು. ಬಲ್ಬಿಗೆ ಅಡ್ಡ ಹಿಡಿದೆ. ನಡುವೆ ದಪ್ಪಗಿರೋ ಕಡೆ ಕತ್ತಲಾಗಿ, ಎರಡೂ ಪಕ್ಕಕ್ಕೆ ಸಮವಾಗಿ ಕತ್ತಲು ತೆಳ್ಳಗಾಗ್ತಾ ಹೋಗಬೇಕು. ಇದರಲ್ಲಿ ಕತ್ತಲೆಲ್ಲ ಎಡಕ್ಕೆ ವಾಲಿತ್ತು. ಹತ್ತರಲ್ಲಿ ಎರಡು ಮಾತ್ರ ನುಡಿದ್ವು, ಅವೂ ವಾರಕ್ಕೆ ಸತ್ತು ಹೋದ್ವು. ದುಡ್ಡು ವಾಪಸ್ ಬರಲಿಲ್ಲ. ನೀವು ಎಲ್ಲಿಂದ ತಗೊಂಡ್ರೂ ಬಲ್ಬಿಗೆ ಹಿಡಿದು ನೋಡೋದನ್ನ ಬಿಡಬೇಡಿ.

ನನ್ನ ಹತ್ರ ಕಲಿಯೋ ಹುಡುಗನೊಬ್ಬ ಸೆಕೆಂಡ್‌ಹ್ಯಾಂಡ್ ರೀಡ್ ಡಬ್ಬಿ ತಂದಿದ್ದ. ಅದು ಜರ್ಮನ್ ಕ್ಲಾರಿನೆಟ್ಟಿಂದು, ನಮ್ಮ ಮೌತ್‌ಪೀಸಿಗೆ ಅಗಲ ಸಾಲದು, ಅಂಚಿನಲ್ಲಿ ಗಾಳಿ ಸೋರುತ್ತೆ. ಇ-ಫ್ಲಾಟ್ ಚಿಕ್ಕ ಕ್ಲಾರಿನೆಟ್ಟಿನ ರೀಡೂ ಬೇರೆ. ಡಬ್ಬಿ ಮೇಲೆ ಬಿ-ಫ್ಲಾಟ್ (ನಾವು ನುಡಿಸೋ ಮಾಮೂಲಿ ಕ್ಲಾರಿನೆಟ್) ಅಂತ ಇದೆಯಾ, ಜರ್ಮನ್ ಬಗೆಯದಲ್ಲ ತಾನೇ ಅನ್ನೋದನ್ನ ನೋಡಿಕೊಳ್ಳಿ.

ಪ್ಲಾಸ್ಟಿಕ್ ರೀಡು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ಕೆನಡಾದ ಲೆಜೆರ್ ಒಂದನ್ನ ಗೆಳೆಯರ ಹತ್ರ ಇಸ್ಕೊಂಡು ಒಂದು ತಿಂಗಳು ಊದಿದ್ದೀನಿ. ಊದೋ ಮುಂಚೆ ಒದ್ದೆ ಮಾಡಬೇಕಾಗಿಲ್ಲ, ಮಳೆಗಾಲದಲ್ಲಿ ಬೂಸ್ಟು ಹಿಡಿಯಲ್ಲ, ಮೆರವಣಿಗೆಯಲ್ಲಿ ಬಿಸಿಲಿಗೆ ತುದಿ ಸುರುಟಲ್ಲ. ಮೆರವಣಿಗೆಗೆ ನಾನೂ ಒಂದು ಇಟ್ಕೋತೀನಿ. ಕೂತು ರಾಗ ಬಿಡಿಸೋಕೆ ಮಾತ್ರ ಜೊಂಡಿನದೇ ಬೇಕು, ಸ್ವರ ಎಳೆದಾಗ ಅದು ಹಿಂದೆ ಬರೋ ರೀತೀನೇ ಬೇರೆ. ಪ್ಲಾಸ್ಟಿಕ್ ಒಂದಕ್ಕೆ ಕೊಡೋ ದುಡ್ಡಲ್ಲಿ ಜೊಂಡಿನದು ಡಬ್ಬಿಯೇ ಬರೋದ್ರಿಂದ ನಂಬರ್ ತಪ್ಪಾದ್ರೆ ನಷ್ಟ ದೊಡ್ಡದು.

ಈಗ ಬಿ45ಕ್ಕೆ ನೀಲಿ ಡಬ್ಬಿ ಎರಡೂವರೆ ಹಾಕಿ ನುಡಿಸ್ತಿದ್ದೀನಿ. ಬಿಡಿ ರೀಡು ಕೊಡೋ ಅಂಗಡಿ ಹುಡುಕಿ ಎರಡು, ಎರಡೂವರೆ, ಮೂರು, ಒಂದೊಂದೇ ತಗೊಂಡು ಊದಿ ನೋಡಿದ್ಮೇಲೆ ಗೊತ್ತಾದದ್ದು ಇದು. ನಾಲ್ಕು ರೀಡಿನ ಬುಡಕ್ಕೆ ಪೆನ್ಸಿಲಲ್ಲಿ ಒಂದು, ಎರಡು ಅಂತ ಬರೆದು ದಿನಕ್ಕೊಂದು ಸರದಿ ಹಾಕ್ತೀನಿ.

ಆ ಮೂರೂವರೆ ವಿ-12 ಡಬ್ಬೀಲಿ ಇನ್ನೂ ಎಂಟು ಕವರ್ ಒಡೀದೆ ಇದ್ದಾವೆ. ಮಂಡ್ಯ-ಮೈಸೂರು ಕಡೆ ಕಿರಿಬಾಯಿ ಮೌತ್‌ಪೀಸ್ ಇರೋರು ಯಾರಾದ್ರೂ ಇದ್ರೆ ಹೇಳಿ. ಬಂದು ಒಂದು ಒಡೆದು ಊದಿ ನೋಡಿ, ಒಪ್ಪಿದ್ರೆ ಉಳಿದದ್ದೂ ಒಯ್ಯಿರಿ. ದುಡ್ಡು ಬೇಡ.