ಎರಕದ ಗುಂಡಿಗೆ ಎಚ್4895: ಹಲವು ವರ್ಷ ಬಳಸಿದ ಮೇಲೆ

.30-06 ರೈಫಲ್‌ನಲ್ಲಿ ಎರಕ ಹೊಯ್ದ ಸೀಸದ ಗುಂಡು ಹಾರಿಸಲು ಯಾವ ಮದ್ದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಈಗ ನನ್ನ ಉತ್ತರ ಹಾಡ್ಜ್‌ಡನ್ ಕಂಪನಿಯ ಎಚ್4895. ಇದು ಅಗ್ಗದ ಮದ್ದಲ್ಲ, ಎಲ್ಲಕ್ಕಿಂತ ಶುಚಿಯಾಗಿ ಉರಿಯುವುದೂ ಅಲ್ಲ. ಆದರೂ ಪೆನ್ಸಿಲ್ವೇನಿಯಾದ ನನ್ನ ಗ್ಯಾರೇಜಿನಲ್ಲಿ ಉಳಿದ ಡಬ್ಬಿಗಳು ಒಂದೊಂದಾಗಿ ಹಿಂದಿನ ಸಾಲಿಗೆ ಹೋದವು, ಇದೊಂದೇ ಮುಂದೆ ಉಳಿಯಿತು. ಊರಿನಲ್ಲಿ ಓದುವವರಿಗೆ ಒಂದು ಮಾತು: ಅಮೆರಿಕದಲ್ಲಿ ಕಾನೂನುಬದ್ಧವಾಗಿ ಕೋವಿ ಇಟ್ಟುಕೊಂಡವರು ಸ್ವಂತಕ್ಕೆ ತೋಟಾ ತುಂಬಿಕೊಳ್ಳುವುದು ಹಳೆಯ ಹವ್ಯಾಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ಇದನ್ನು ಅಲ್ಲಿ ಮಾಡಿ ನೋಡುವ ವಿದ್ಯೆ ಎಂದುಕೊಳ್ಳಬೇಡಿ.

.30-06 ತೋಟಾ 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಂದದ್ದು. ತಾಮ್ರದ ಕವಚವಿರುವ ಗುಂಡನ್ನು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಎಸೆಯುವಷ್ಟು ದೊಡ್ಡ ಹಿತ್ತಾಳೆ ಕೇಸ್ ಅದರದು. ಸೀಸದ ಗುಂಡಿಗೆ ಆ ವೇಗ ಬೇಡ, ಕೊಟ್ಟರೆ ತಾಳುವುದೂ ಇಲ್ಲ. ಬುಡಕ್ಕೆ ಗ್ಯಾಸ್ ಚೆಕ್ ಎಂಬ ಪುಟ್ಟ ತಾಮ್ರದ ಬಟ್ಟಲು ತೊಡಿಸಿದ, ನೂರಕ್ಕೆ 90 ಪಾಲು ಸೀಸ, 5 ತವರ, 5 ಆಂಟಿಮನಿ ಇರುವ ಗುಂಡನ್ನು ನಾನು 1,800 ಅಡಿಯ ಆಸುಪಾಸಿನಲ್ಲಿ ಹಾರಿಸುತ್ತೇನೆ. ಅಂದರೆ ದೊಡ್ಡ ಕೇಸ್‌ನಲ್ಲಿ ಸಣ್ಣ ಕೆಲಸ. ಮದ್ದಿನ ಆಯ್ಕೆಯ ತೊಡಕೆಲ್ಲ ಇರುವುದು ಇಲ್ಲೇ.

ಈ ಹವ್ಯಾಸದ ಹಿರಿಯರು ಸಾಮಾನ್ಯವಾಗಿ ಹೇಳಿಕೊಡುವುದು ಬೇಗ ಉರಿಯುವ ಮದ್ದುಗಳನ್ನು: ಯುನೀಕ್, ರೆಡ್ ಡಾಟ್, 2400. ರೆಡ್ ಡಾಟ್ ಮೂಲದಲ್ಲಿ ಶಾಟ್‌ಗನ್ನಿನ ಮದ್ದು, ನಡುನಡುವೆ ಕೆಂಪು ಬಿಲ್ಲೆಗಳಿರುತ್ತವೆ. ಇವು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. 2400 ತುಂಬಿ ಹಾರಿಸಿದ ಗುಂಡುಗಳು ನನ್ನ ರೈಫಲ್‌ನಲ್ಲಿ ಎಚ್4895ಗಿಂತ ತುಸು ಬಿಗಿಯಾದ ಗುಂಪನ್ನೇ, ಅಂದರೆ ಗುರಿಯ ಮೇಲೆ ಒಂದಕ್ಕೊಂದು ಹತ್ತಿರದ ತೂತುಗಳನ್ನೇ, ಕೊಟ್ಟಿವೆ. ಖರ್ಚೂ ಕಡಿಮೆ. ಮದ್ದನ್ನು ತೂಗುವುದು ಗ್ರೇನ್ ಎಂಬ ಸಣ್ಣ ಅಳತೆಯಲ್ಲಿ; ಒಂದು ಪೌಂಡಿನ ಡಬ್ಬಿ ಎಂದರೆ 7,000 ಗ್ರೇನ್. ತೋಟಾ ಒಂದಕ್ಕೆ ಹದಿನಾರು ಗ್ರೇನ್ ಸಾಕಾದರೆ ಒಂದು ಡಬ್ಬಿಯಲ್ಲಿ 430 ಚಿಲ್ಲರೆ ತೋಟಾ ತಯಾರಾಗುತ್ತವೆ. ಮೂವತ್ತರ ಆಸುಪಾಸಿನ ಎಚ್4895ರಲ್ಲಿ 230ಕ್ಕೆ ಡಬ್ಬಿ ಖಾಲಿ.

ಹಾಗಿದ್ದೂ ನಾನು ದುಬಾರಿಯದನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ಕೇಸ್‌ನಲ್ಲಿ ಉಳಿಯುವ ಖಾಲಿ ಜಾಗ. ಹದಿನಾರು ಗ್ರೇನ್ ಮದ್ದು .30-06 ಕೇಸ್‌ನ ತಳದಲ್ಲಿ ಎಲ್ಲೋ ಬಿದ್ದಿರುತ್ತದೆ. ಫೋನ್ ಬಂತೆಂದು ಎದ್ದುಹೋಗಿ ಬಂದವರು ಅದೇ ಕೇಸ್‌ಗೆ ಇನ್ನೊಮ್ಮೆ ಸುರಿದರೂ ಅದು ತುಂಬಿ ಹೊರಚೆಲ್ಲುವುದಿಲ್ಲ, ಗುಂಡು ಸಲೀಸಾಗಿ ಕೂರುತ್ತದೆ. ಅಂಥ ತೋಟಾ ರೈಫಲನ್ನೇ ಸೀಳಬಲ್ಲದು. ಎಚ್4895 ಎರಡು ಸಲ ಬಿದ್ದರೆ ಕೇಸ್‌ನ ಕತ್ತಿನ ಹತ್ತಿರಕ್ಕೆ ಏರಿ ನಿಲ್ಲುತ್ತದೆ. ಟಾರ್ಚ್ ಹಿಡಿಯುವುದಕ್ಕೂ ಮುಂಚೆ ಕಣ್ಣಿಗೆ ಬೀಳುತ್ತದೆ. ಒಂದು ಸಾಲು ಕೇಸ್‌ಗಳನ್ನು ಮರದ ಹಲಗೆಯಲ್ಲಿ ನಿಲ್ಲಿಸಿ ಮೇಲಿನಿಂದ ನೋಡುವ ಅಭ್ಯಾಸ ಯಾವ ಮದ್ದಿಗೂ ಬೇಕು. ಆದರೆ ಎಚ್ಚರಿಕೆಯೊಂದನ್ನೇ ನಂಬಿ ಕೂರುವುದಕ್ಕಿಂತ ತಪ್ಪು ಮಾಡಲು ಬಿಡದ ಮದ್ದನ್ನು ಕೊಳ್ಳುವುದು ಮೇಲು ಎಂಬುದು ನನ್ನ ಪಕ್ಷ.

ಕರಿಮದ್ದು ತುಂಬುವ ಮಲೆನಾಡಿನ ಕೇಪಿನ ಕೋವಿ ನೋಡಿ ಬೆಳೆದವರಿಗೆ ಮದ್ದು ಕಡಿಮೆಯಾದಷ್ಟೂ ಕ್ಷೇಮ ಅನ್ನಿಸುವುದು ಸಹಜ. ಹೊಗೆರಹಿತ ಮದ್ದಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ಮನಬಂದಂತೆ ಇಳಿಸಿದರೆ ಅರ್ಧಂಬರ್ಧ ಉರಿದು ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು; ಹಿಂದಿನಿಂದ ಇನ್ನೊಂದು ಗುಂಡು ಹೊಡೆದರೆ ಮುಗಿಯಿತು. ಎಚ್110ನಂಥ ಮದ್ದನ್ನು ಹೀಗೆ ಇಳಿಸಬೇಡಿ ಎಂದು ತಯಾರಕರೇ ಎಚ್ಚರಿಸುತ್ತಾರೆ. ಎಚ್4895 ಈ ವಿಷಯದಲ್ಲಿ ಅಪವಾದ. ತಮ್ಮ ಕೋಷ್ಟಕದಲ್ಲಿ ಆ ತೋಟಾಕ್ಕೆ, ಆ ತೂಕದ ಗುಂಡಿಗೆ ಕೊಟ್ಟಿರುವ ಎಚ್4895ರ ಗರಿಷ್ಠ ಪ್ರಮಾಣದ ಶೇಕಡಾ 60ರವರೆಗೆ ಇಳಿಯಬಹುದು ಎಂದು ಹಾಡ್ಜ್‌ಡನ್ ಹೇಳುತ್ತದೆ. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಕೋಷ್ಟಕದಲ್ಲಿ ಇಲ್ಲದ ತೋಟಾಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಐಎಂಆರ್ 4895 ಎಂಬ ಇನ್ನೊಂದು ಮದ್ದಿದೆ, ಸಂಖ್ಯೆ ಒಂದೇ ಆದರೂ ಮದ್ದು ಬೇರೆ, ಅದಕ್ಕೂ ಈ ಲೆಕ್ಕ ಬಳಸಬೇಡಿ.

ಈ ಸಂಖ್ಯೆಗೂ .30-06ಗೂ ನಂಟು ಹಳೆಯದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಗ್ಯಾರಂಡ್ ರೈಫಲ್ಲಿನ ತೋಟಾಗಳಿಗೆ 4895 ಬಳಸುತ್ತಿದ್ದರು. ಯುದ್ಧ ಮುಗಿದ ಮೇಲೆ ಉಳಿದ ಮದ್ದನ್ನು ಬ್ರೂಸ್ ಹಾಡ್ಜ್‌ಡನ್ ಎಂಬವರು ಸರ್ಕಾರದಿಂದ ಕೊಂಡು ಹವ್ಯಾಸಿಗಳಿಗೆ ಮಾರಿದರು. ಕಂಪನಿ ಬೆಳೆದದ್ದು ಆ ವ್ಯಾಪಾರದಿಂದ. ಇಂದಿನ ಎಚ್4895 ಬರುವುದು ಆಸ್ಟ್ರೇಲಿಯಾದ ಮಲ್ವಾಲಾದಲ್ಲಿರುವ ಕಾರ್ಖಾನೆಯಿಂದ. ಬಿಸಿಲಿಗೂ ಚಳಿಗೂ ಹೆಚ್ಚು ವ್ಯತ್ಯಾಸ ತೋರದಂತೆ ತಯಾರಿಸಿದ ಮದ್ದು ಎಂಬ ಜಾಹೀರಾತಿನ ಮಾತನ್ನು ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜನವರಿಯ ಹಿಮದಲ್ಲೂ ಜುಲೈ ಸೆಕೆಯಲ್ಲೂ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ತೋರಿಸಿದ ವೇಗ ಹತ್ತಿರಹತ್ತಿರವೇ ಇರುವುದನ್ನು ನೋಡಿದ ಮೇಲೆ ಒಪ್ಪಿದೆ.

ದೋಷಗಳೂ ಇವೆ. ಕಡಿಮೆ ಒತ್ತಡದಲ್ಲಿ ರೈಫಲ್ ಮದ್ದು ಪೂರ್ತಿ ಉರಿಯುವುದಿಲ್ಲ, ಇದೂ ಹಾಗೆಯೇ. ಕೇಸ್‌ಗಳ ಕತ್ತು ಮಸಿ ಹಿಡಿದು ಕಪ್ಪಗಾಗುತ್ತದೆ, ಬೋಲ್ಟ್ ತೆಗೆದಾಗ ಸಾಸಿವೆಯಂಥ ಉರಿಯದ ಕಾಳುಗಳು ಸಿಗುತ್ತವೆ. ಮದ್ದು ಕೇಸ್‌ನಲ್ಲಿ ಮುಂದಕ್ಕೆ ಜಾರಿದೆಯೋ ಹಿಂದಕ್ಕಿದೆಯೋ ಎಂಬುದರ ಮೇಲೆ ವೇಗ ಸ್ವಲ್ಪ ಬದಲಾಗುತ್ತದೆ. ರೈಫಲ್ಲಿನ ಮೂತಿಯನ್ನು ಮೇಲಕ್ಕೆತ್ತಿ ನಿಧಾನವಾಗಿ ಇಳಿಸಿ ಹೊಡೆದರೆ ಗುಂಪು ಬಿಗಿಯಾಗುತ್ತದೆ. ಖಾಲಿ ಜಾಗಕ್ಕೆ ಪಾಲಿಯೆಸ್ಟರ್ ನಾರು ತುರುಕುವವರೂ ಇದ್ದಾರೆ. ಅದರಿಂದ ತೋಟಾ ಕೂರುವ ಚೇಂಬರಿನಲ್ಲಿ ಉಂಗುರದಂಥ ಉಬ್ಬು ಮೂಡಬಹುದು ಎಂಬ ವಾದ ದಶಕಗಳಿಂದ ನಡೆಯುತ್ತಿದೆ. ಮಸಿಗೆ ಹೆದರಿ ಆ ದಾರಿ ಹಿಡಿಯಲು ನನಗೆ ಮನಸ್ಸಿಲ್ಲ.

ನಳಿಗೆಯಲ್ಲಿ ಸೀಸ ಅಂಟಿಕೊಂಡರೆ ಕೆಲವರು ಕೂಡಲೇ ಮದ್ದು ಬದಲಿಸುತ್ತಾರೆ. ಹೆಚ್ಚಿನ ಸಲ ತಪ್ಪು ಮದ್ದಿನದ್ದಲ್ಲ, ಗುಂಡಿನ ಗಾತ್ರದ್ದು. ನಳಿಗೆಯೊಳಗಿನ ತೋಡಿನ ಅಳತೆಗಿಂತ ಗುಂಡು ಇಂಚಿನ ಸಾವಿರದ ಒಂದೆರಡು ಭಾಗ ದಪ್ಪವಿರಬೇಕು; .308 ತೋಡಿಗೆ .309 ಅಥವಾ .310. ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಸುಳಿ ಸೀಸವನ್ನು ಕೊರೆಯುತ್ತದೆ. ಮೆದು ಸೀಸದ ತುಂಡನ್ನು ನಳಿಗೆಯಲ್ಲಿ ದೂಡಿ ಅಳೆದು ನೋಡುವುದು ಡಬ್ಬಿ ಮೇಲೆ ಡಬ್ಬಿ ಮದ್ದು ಕೊಳ್ಳುವುದಕ್ಕಿಂತ ಅಗ್ಗ.

.30-30ನಂಥ ಚಿಕ್ಕ ಕೇಸ್ ಇರುವವರಿಗೆ ಈ ಮದ್ದಿನ ಲಾಭ ಇಷ್ಟು ದೊಡ್ಡದಲ್ಲ, ಅಲ್ಲಿ ಖಾಲಿ ಜಾಗವೇ ಕಡಿಮೆ. ಐವತ್ತು ಗಜದಲ್ಲಿ ಮೆಲ್ಲಗೆ ಸದ್ದು ಮಾಡುವ ತೋಟಾ ಬೇಕೆನ್ನುವವರಿಗೂ ಇದು ಸರಿಹೊಂದದು; ಅವರು ಯುನೀಕ್ ಹಿಡಿದು, ಒಂದೊಂದು ಕೇಸ್‌ಗೂ ಮದ್ದು ಸುರಿದ ಕೂಡಲೇ ಗುಂಡು ಕೂರಿಸಿಬಿಡಲಿ. ನನ್ನ ಹಾಗೆ ನೂರು ಗಜದ ಕಾಗದದ ಗುರಿಗೆ ದೊಡ್ಡ ಕೇಸ್‌ನಿಂದ ಹೊಡೆಯುವವರು ಎಚ್4895 ಕೊಳ್ಳಬಹುದು. ಕೊಳ್ಳುವಾಗ ಒಂದೇ ಲಾಟ್ (ತಯಾರಿಕೆಯ ತಂಡ) ಸಂಖ್ಯೆಯ ಎರಡು ಡಬ್ಬಿ ಸಿಕ್ಕರೆ ಎರಡನ್ನೂ ತೆಗೆದುಕೊಳ್ಳಿ. ಲಾಟ್ ಬದಲಾದಾಗ ಮತ್ತೆ ಕೆಳಗಿನ ಪ್ರಮಾಣದಿಂದಲೇ ಹತ್ತಬೇಕಾಗುತ್ತದೆ.